ರುಚಿಗೆ ತಕ್ಕಷ್ಟು

ಮಾರ್ಚ್ ೩, ಸೋಮವಾರ

ನಾದಿನಿ ಮತ್ತೆ ಹೆಸರು ಕೊಟ್ಟು ಬಂದಿದ್ದಾಳೆ. ಅದೇ ಓಟ, ಅದೇ ನಲವತ್ತೆರಡು ಕಿಲೋಮೀಟರು, ಏಪ್ರಿಲ್ ಕೊನೆಯ ಭಾನುವಾರ. ಊಟದ ಮೇಜಿನ ಮೇಲೆ ರಸೀದಿ ಇಟ್ಟು, ಕರೆಂಟ್ ಬಿಲ್ ಕಟ್ಟಿ ಬಂದವಳ ಹಾಗೆ ಕೈ ತೊಳೆಯಲು ಹೋದಳು.

ಹೋದ ವರ್ಷ ಇದೇ ಓಟದಲ್ಲಿ ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಹೋಗಿ ಬಿದ್ದಳು. ದಾರಿಯುದ್ದಕ್ಕೂ ನೀರಿಟ್ಟ ಮೇಜು ಕಂಡಲ್ಲೆಲ್ಲ ನಿಂತು ಬರೀ ನೀರು ಕುಡಿದಿದ್ದಳು. ಬೆವರಿನಲ್ಲಿ ಉಪ್ಪು ಹೋಯಿತು, ಒಳಗೆ ನೀರು ತುಂಬಿತು. ತಂದು ಮಲಗಿಸಿದ್ದು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ. "ರಕ್ತದಲ್ಲಿ ಉಪ್ಪು ಕಡಿಮೆಯಾಗಿದೆ" ಎಂದು ಡಾಕ್ಟರು ಹೇಳಿದಾಗ ನರ್ಸುಗಳೆಲ್ಲ ನನ್ನ ಕಡೆ ತಿರುಗಿದರು. ನಾನು ಅಲ್ಲಿ ಪಥ್ಯದ ಅಡುಗೆಯವಳು. ರಕ್ತದೊತ್ತಡದವರಿಗೆ, ಕಿಡ್ನಿಯವರಿಗೆ, ಹೃದಯದವರಿಗೆ ಉಪ್ಪಿಲ್ಲದ ಊಟ ಬೇಯಿಸುವುದೇ ನನ್ನ ಹೊಟ್ಟೆಪಾಡು. ಬೆನ್ನ ಹಿಂದೆ ಸಪ್ಪೆಯಮ್ಮ ಎನ್ನುತ್ತಾರೆ. ಸಪ್ಪೆಯಮ್ಮನ ನಾದಿನಿ ಉಪ್ಪಿಲ್ಲದೆ ಬಿದ್ದಳಂತೆ ಎಂಬ ಸುದ್ದಿ ಹಾಸಿಗೆಯಿಂದ ಹಾಸಿಗೆಗೆ ಉಪ್ಪುಖಾರ ಹಚ್ಚಿಕೊಂಡು ಓಡಾಡಿತು. ಆ ವಾರ್ಡು ಉಪ್ಪುಖಾರ ಕಂಡದ್ದು ಅದೊಂದೇ ಸಲ.

"ಈ ಸಲಾನೂ ಬಿದ್ರೆ?" ಎಂದೆ.

"ಬಿದ್ರೆ ಶೂ ಅಟ್ಟಕ್ಕೆ. ಆಮೇಲೆ ನಿಮ್ಮ ಪಕ್ಕ ಕೂತ್ಕೊಂಡು ಟೀವಿ ನೋಡ್ತೀನಿ, ಸಾಯೋವರೆಗೂ."

ನನ್ನ ಪಕ್ಕ ಕೂರುವುದು ಅಂಥ ಶಿಕ್ಷೆಯೇನೂ ಅಲ್ಲ. ಆದರೆ ಈ ಡೈರಿ ಓದುವವರು ಯಾರೂ ಇಲ್ಲವಾದ್ದರಿಂದ ನಿಜ ಬರೆಯುತ್ತೇನೆ. ಅವತ್ತು ಸ್ಟ್ರೆಚರ್ ಮೇಲೆ ಅವಳ ಶೂ ಕಂಡಾಗ ನನಗೆ ಜೀವ ಬಾಯಿಗೆ ಬಂದಿತ್ತು. ಈ ಮನೆಯಲ್ಲಿ ಉಳಿದಿರುವವರು ಇಬ್ಬರೇ. ನಾನೊಬ್ಬಳೇ ಆಗುವುದು ನನಗೆ ಬೇಡ.

ಈ ಸಲ ಕುಡಿಯುವುದನ್ನು ನಾನೇ ಮಾಡಿಕೊಡುತ್ತೇನೆ ಎಂದಿದ್ದೇನೆ. ಔಷಧಿ ಕಂಪನಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ತೆಗೆದಿದ್ದೇನೆ. ಇದರಲ್ಲಿ ಆ ಪಾನೀಯದ ವಿಷಯ ಮಾತ್ರ. ನನ್ನ ಪುರಾಣ ಬೇಡ.

ಮಾರ್ಚ್ ೫, ಬುಧವಾರ

ನಾದಿನಿ ಪೇಪರಿನಿಂದ ಕತ್ತರಿಸಿ ತಂದ ಚೂರಿನಲ್ಲಿ ಹೀಗಿದೆ: ಒಂದು ಲೀಟರ್ ನೀರು, ಎರಡು ನಿಂಬೆಹಣ್ಣು, ಮೂರು ಚಮಚ ಜೇನುತುಪ್ಪ, ರುಚಿಗೆ ತಕ್ಕಷ್ಟು ಉಪ್ಪು.

ಯಾರ ರುಚಿಗೆ ಸ್ವಾಮಿ? ನೀರಿಗೆ ಅಳತೆ ಉಂಟು, ಜೇನಿಗೆ ಅಳತೆ ಉಂಟು. ಪ್ರಾಣಕ್ಕೆ ಸಂಬಂಧಪಟ್ಟ ಒಂದೇ ಒಂದು ಪದಾರ್ಥ ಬಂದಾಗ ನೀವೇ ನೋಡಿಕೊಳ್ಳಿ ಎಂದು ಕೈ ತೊಳೆದುಕೊಂಡಿದ್ದಾರೆ.

ನಮ್ಮ ಮನೆಯ ಉಪ್ಪಿನ ಡಬ್ಬಿ ಅಟ್ಟದ ಮೇಲಿದೆ. ನನ್ನವರಿಗೆ ರಕ್ತದೊತ್ತಡ ಎಂದು ಗೊತ್ತಾದ ದಿನ ಅಲ್ಲಿಗೆ ಹತ್ತಿದ್ದು. ಅವರು ಕದ್ದು ಹಾಕಿಕೊಳ್ಳುವರು, ನಾನು ಇನ್ನೂ ಮೇಲಿಡುವೆ, ಅವರು ಕುರ್ಚಿ ಎಳೆದುಕೊಳ್ಳುವರು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಗಿಲ ಹತ್ತಿರ ಶೂ ಲೇಸು ಕಟ್ಟಲು ಬಗ್ಗಿದವರು ಮತ್ತೆ ಏಳಲಿಲ್ಲ. ಡಬ್ಬಿ ಅಲ್ಲೇ ಉಳಿಯಿತು, ಮನೆಯ ಅಡುಗೆಯೂ ಆಸ್ಪತ್ರೆಯ ಅಡುಗೆಯಂತೆಯೇ ಉಳಿಯಿತು. ನಾದಿನಿ ಒಂದು ದಿನವೂ ತಕರಾರು ಎತ್ತಿಲ್ಲ. ಅವಳ ಗಮನ ಊಟದ ಮೇಲೆ ಎಲ್ಲಿರುತ್ತದೆ? ತಟ್ಟೆ ಮುಂದಿಟ್ಟ ತಕ್ಷಣ ಫೋನು ಬರುತ್ತದೆ. ತಟ್ಟೆ ಎತ್ತಿಕೊಂಡು "ಹಾಂ ಹೇಳಿ, ಹಾಂ ಹಾಂ" ಎನ್ನುತ್ತಾ ಬಾಲ್ಕನಿಗೆ ಹೋಗುತ್ತಾಳೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳಿಗೆ ಊಟದ ಹೊತ್ತಿನಲ್ಲೇ ಯಾರ ಫೋನೋ ನನಗಂತೂ ತಿಳಿಯದು.

ಕುರ್ಚಿ ಹತ್ತಿ ಡಬ್ಬಿ ಇಳಿಸಿದೆ. ಉಪ್ಪು ಕಲ್ಲಾಗಿತ್ತು. ಚಾಕುವಿನ ತುದಿಯಲ್ಲಿ ಕೆರೆದು, ಗುಬ್ಬಚ್ಚಿಗೆ ಸಾಕಾಗುವಷ್ಟು ಹಾಕಿ, ಡಬ್ಬಿಯನ್ನು ಮತ್ತೆ ಮೇಲಿಟ್ಟೆ.

ಸಂಜೆ ಓಡಿ ಬಂದು ಕುಡಿದಳು. "ಅತ್ತಿಗೆ, ಇದು ಜ್ವರ ಬಂದೋರಿಗೆ ಕೊಡೋದು" ಎಂದಳು.

ಮಾರ್ಚ್ ೯, ಭಾನುವಾರ

ಶಕ್ತಿ ಬರಲಿ ಎಂದು ಬಾಳೆಹಣ್ಣು ಅರೆದು ಹಾಕಿದೆ. ಬಾಟಲಿಯ ಮೂತಿ ಕಟ್ಟಿಕೊಂಡಿತಂತೆ. ಸೇತುವೆಯ ಮೇಲೆ ನಿಂತು ಹೀರಿ ಹೀರಿ ಕಾಲಿಗಿಂತ ಕೆನ್ನೆ ನೋವು ಜಾಸ್ತಿಯಾಯಿತಂತೆ. ನಾನು ನಗಲಿಲ್ಲ. ಒಳಗೆ ಹೋಗಿ ನಕ್ಕೆ.

ಮಾರ್ಚ್ ೧೩, ಗುರುವಾರ

ಶುಂಠಿ ಜಜ್ಜಿ ಹಾಕಿದ್ದ ಬಾಟಲಿಯನ್ನು ಈ ಮಹಾರಾಯಿತಿ ಬಿಸಿಲಲ್ಲಿ ನಿಂತ ಕಾರಿನಲ್ಲೇ ಮರೆತಿದ್ದಳು. ಅದು ಅಲ್ಲೇ ಹುಳಿಯುತ್ತಾ ಕೂತು, ಇವತ್ತು ಪಾಠದ ಮಧ್ಯೆ ಢಂ ಎಂದಿದೆ. ಸ್ಟೇರಿಂಗ್ ಹಿಡಿದಿದ್ದವರು ಒಬ್ಬ ಹಲ್ಲಿನ ಡಾಕ್ಟರು. ಟೈರು ಸಿಡಿಯಿತೆಂದು ಎರಡೂ ಕೈ ಬಿಟ್ಟು ಕಿವಿ ಮುಚ್ಚಿಕೊಂಡರಂತೆ. ಪಕ್ಕದ ಸೀಟಿನ ಬ್ರೇಕು ಒತ್ತಿ ನಾದಿನಿ ಇಬ್ಬರ ಪ್ರಾಣ ಉಳಿಸಿದ್ದಾಳೆ. ಡಾಕ್ಟರು ಕಲಿಸುವವರನ್ನು ಬದಲಾಯಿಸಿ ಎಂದು ಅರ್ಜಿ ಕೊಟ್ಟಿದ್ದಾರೆ.

"ಒಳ್ಳೇದೇ ಆಯ್ತು ಬಿಡಿ. ಆ ಮನುಷ್ಯನಿಗೆ ಕೆಂಪು ಅಂದ್ರೂ ಒಂದೇ, ಹಸಿರು ಅಂದ್ರೂ ಒಂದೇ" ಎಂದಳು. ಅವಳಿಗೆ ಜಗತ್ತಿನಲ್ಲಿ ಎರಡೇ ಜಾತಿ, ಸಿಗ್ನಲ್ ನೋಡುವವರು ಮತ್ತು ನೋಡದವರು.

ಮಾರ್ಚ್ ೧೬, ಭಾನುವಾರ

ಜಗಳ. ಕಣ್ಣು ಮುಚ್ಚಿಕೊಂಡು ಉಪ್ಪು ಏರಿಸಿದ್ದೆ. ಅಡುಗೆಮನೆಯಲ್ಲಿ ಕುಡಿದು ನೋಡಿದರೆ ಸಮುದ್ರ. ಅವಳು ದೂರದ ಓಟ ಮುಗಿಸಿ ಬಂದು ಕುಡಿದು ಸಪ್ಪೆ ಎನ್ನುತ್ತಾಳೆ!

"ನಿಮ್ಮ ನಾಲಿಗೆ ಕೆಟ್ಟಿದೆ ಅತ್ತಿಗೆ."

"ನನ್ನ ನಾಲಿಗೆ ವಿಷಯಕ್ಕೆ ಬರ್ಬೇಡ. ದಿನಾ ಇಡೀ ವಾರ್ಡಿಗೆ ಅಡುಗೆ ಮಾಡೋ ನಾಲಿಗೆ ಇದು."

"ವಾರ್ಡಿನೋರನ್ನ ಕೇಳಿ ನೋಡಿ."

ಮಾತು ಬಿಟ್ಟಿದ್ದೇವೆ.

ಮಾರ್ಚ್ ೧೭, ಸೋಮವಾರ

ವಾರ್ಡಿನವರನ್ನು ಕೇಳಬೇಕಾಗಿಯೇ ಬರಲಿಲ್ಲ. ಕಿಟಕಿ ಪಕ್ಕದ ಹಾಸಿಗೆಯ ಅಜ್ಜ ಇವತ್ತು ಮತ್ತೆ ಸಿಬ್ಬಂದಿಯ ಊಟದ ಗಾಡಿಯಿಂದ ಕೆಂಪು ಮುಚ್ಚಳದ ಡಬ್ಬಿ ಎತ್ತಿಕೊಂಡು ಸಿಕ್ಕಿಬಿದ್ದ. ನಮ್ಮಲ್ಲಿ ಕೆಂಪು ಮುಚ್ಚಳ ಎಂದರೆ ಉಪ್ಪಿದೆ, ಹಸಿರು ಎಂದರೆ ಉಪ್ಪಿಲ್ಲ. ಅಜ್ಜನಿಗೆ ಓದಲು ಕನ್ನಡಕ ಬೇಕು, ಕೆಂಪು ಮುಚ್ಚಳ ಮಾತ್ರ ಕಾರಿಡಾರಿನ ಆ ತುದಿಯಿಂದಲೇ ಕಾಣುತ್ತದೆ. "ನಿನ್ನ ಊಟ ತಿಂದು ನನ್ನ ಮುಖಾನೂ ಸಪ್ಪೆ ಆಯ್ತಲ್ಲಮ್ಮ" ಎಂದ.

ಊಟದ ಪಥ್ಯ ನೋಡಿಕೊಳ್ಳುವ ಡಯಟ್ ಮೇಡಂ ಹತ್ತಿರ ನನ್ನ ಸಂಕಟ ಹೇಳಿಕೊಂಡೆ. ಅವರು ನಕ್ಕರು. "ಇಬ್ರೂ ಸರಿ ಹೇಳ್ತಿದೀರ. ಬೆವರು ಸುರಿಸಿ ಬಂದೋರಿಗೆ ಉಪ್ಪು ಬೇಕಿರುತ್ತೆ, ಹಾಗಾಗಿ ಅವರ ಬಾಯಿಗೆ ಅದು ಹಿತ. ನೀವು ಒಲೆ ಮುಂದೆ ನಿಂತು ಕುಡಿದ್ರೆ ಅದೇ ಬಾಟಲಿ ಸಮುದ್ರ. ಲೀಟರಿಗೆ ಕಾಲು ಚಮಚದಿಂದ ಶುರು ಮಾಡಿ, ಅವಳಿಗೆ ಒಗ್ಗೋದು ನೋಡ್ಕೊಂಡು ಸ್ವಲ್ಪ ಸ್ವಲ್ಪ ಏರಿಸಿ."

"ನಾನು ರುಚಿ ನೋಡೋದು ಹೇಗೆ ಮೇಡಂ?"

"ಓಡಿ ನೋಡಿ" ಎಂದು ಫೈಲು ಎತ್ತಿಕೊಂಡು ಹೋದರು.

ತಮಾಷೆಗೆ ಹೇಳಿದ್ದಿರಬೇಕು. ಆದರೆ ರುಚಿ ನೋಡದೆ ಒಂದು ಪಾತ್ರೆಯನ್ನೂ ಒಲೆಯಿಂದ ಇಳಿಸಿದವಳಲ್ಲ ನಾನು.

ಮಾರ್ಚ್ ೧೮, ಮಂಗಳವಾರ

ಬೆಳಿಗ್ಗೆ ಆಸ್ಪತ್ರೆಯ ಚಪ್ಪಟೆ ಶೂ ಹಾಕಿಕೊಂಡು ಅಂಚೆ ಡಬ್ಬದವರೆಗೆ ಓಡಿದೆ. ಪಾನೀಯದ ರುಚಿ ನೋಡಲು, ಅಷ್ಟೇ. ಮೂರು ಮನೆಯ ಬಾಗಿಲು ತೆರೆದವು. ಎದುರುಮನೆಯಾಕೆ "ಅಯ್ಯೋ, ಯಾರಿಗೇನಾಯ್ತು?" ಎಂದು ಹಿಂದೆಯೇ ಓಡಿ ಬಂದಳು. ನಾನು ಓಡುವುದು ಕಂಡರೆ ಯಾರೋ ಹೋಗಿಬಿಟ್ಟಿದ್ದಾರೆ ಎಂದೇ ಈ ಬೀದಿಯ ಲೆಕ್ಕ. ಏದುಸಿರಿನಲ್ಲಿ ಯಾರೂ ಇಲ್ಲ ಯಾರೂ ಇಲ್ಲ ಎಂದರೆ ಅವಳು ಇನ್ನೂ ಹೆದರಿದಳು.

ಮನೆಗೆ ಬಂದು ಕುಡಿದೆ. ಸಮುದ್ರವೇ. ಮಾತು ಬಿಟ್ಟಿದ್ದ ನಾದಿನಿ ಅಷ್ಟೊತ್ತಿಗೆ ಬಾಯಿ ಬಿಟ್ಟಳು. "ಅದು ಓಟ ಅಲ್ಲ ಅತ್ತಿಗೆ, ಗಾಬರಿ. ನಿಧಾನಕ್ಕೆ ಓಡಿ, ಬೆವರು ಬರ್ಲಿ."

ಮಾರ್ಚ್ ೨೩, ಭಾನುವಾರ

ಬೇಕರಿಯವರೆಗೆ ಹೋಗಿ ಬಂದೆ. ಅರ್ಧ ಓಟ, ಅರ್ಧ ನಡಿಗೆ. ಓಡುವ ಮೊದಲು ಒಂದು ಲೋಟ ಕುಡಿದಿದ್ದೆ, ಉಪ್ಪುಪ್ಪು. ಬಂದ ಮೇಲೆ ಅದೇ ಪಾತ್ರೆಯಿಂದ ಕುಡಿದೆ. ದೇವರಾಣೆ, ಉಪ್ಪು ಎಲ್ಲಿ ಹೋಯಿತು? ಯಾರಾದರೂ ಬದಲಾಯಿಸಿದರೇನೋ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದೆ.

ಒಂದು ಸಲ ನೋಡಿದ್ದನ್ನು ನಂಬುವಂತಿಲ್ಲ. ಖಾತ್ರಿ ಮಾಡಿಕೊಳ್ಳಲು ನಾಳೆ ಮತ್ತೆ ಓಡಬೇಕು. ಮಂಗಳವಾರವೂ ನೋಡುವುದು ಒಳ್ಳೆಯದು.

ಮಾರ್ಚ್ ೨೯, ಶನಿವಾರ

ಚಪ್ಪಟೆ ಶೂ ಹಿಮ್ಮಡಿ ಕಚ್ಚುತ್ತಿದೆ ಎಂದಿದ್ದಕ್ಕೆ ನಾದಿನಿ ತನ್ನ ಹಳೆಯ ಓಟದ ಶೂ ಕೊಟ್ಟಳು. ಲೇಸಿನವು. ಬಾಗಿಲ ಹತ್ತಿರ ಬಗ್ಗಿ ಕಟ್ಟಿಕೊಳ್ಳುತ್ತಿದ್ದೆ. ಹೊರಗೆ ಹೋಗಿದ್ದವಳು ವಾಪಸ್ ಬಂದು, ನಾನು ನೆಟ್ಟಗೆ ನಿಲ್ಲುವವರೆಗೂ ಹೊಸ್ತಿಲಲ್ಲೇ ನಿಂತಿದ್ದಳು.

"ಏನೇ ನೋಡ್ತೀಯ?"

"ಏನಿಲ್ಲ. ಗಂಟು ಭದ್ರ ಇದೆಯಾ ಅಂತ."

ಇಬ್ಬರೂ ಸೇತುವೆಯವರೆಗೆ ಹೋದೆವು. ಅವಳು ಮುಂದೆ ಹೋದಳು, ನಾನು ಬಾಟಲಿ ಹಿಡಿದು ಕಾದೆ. ಕಾಯುವಾಗ ಸುಮ್ಮನೆ ನಿಂತರೆ ಕಾಲು ತಣ್ಣಗಾಗುತ್ತದೆಂದು ಸೇತುವೆಯ ಆ ತುದಿಗೂ ಈ ತುದಿಗೂ ಓಡಾಡಿದೆ. ಅವಳ ಕಪ್ಪು ಟೋಪಿಯ ಮೇಲೆ ಬೆವರು ಒಣಗಿ ಬಿಳಿ ಗೆರೆಗಳಾಗುತ್ತವೆ. ನನ್ನ ಟೋಪಿಯಲ್ಲಿ ಇನ್ನೂ ಗೆರೆ ಮೂಡಿಲ್ಲ.

ಏಪ್ರಿಲ್ ೨, ಬುಧವಾರ

ತೊಳೆಯಲು ಬಾಟಲಿ ತೆಗೆಯೋಣವೆಂದು ಅವಳ ಕೆಲಸದ ಬ್ಯಾಗಿಗೆ ಕೈ ಹಾಕಿದೆ. ಕರ್ಚೀಫಿನಲ್ಲಿ ಸುತ್ತಿದ ಪುಟ್ಟ ಗಾಜಿನ ಡಬ್ಬಿ ಸಿಕ್ಕಿತು. ತಲೆಯ ಮೇಲೆ ತೂತುಗಳು. ಉಪ್ಪಿನ ಡಬ್ಬಿ. ತಗಡಿನ ಮುಚ್ಚಳ ಹಿಡಿದು ಹಿಡಿದು ಸವೆದುಹೋಗಿದೆ.

ಮೊದಲು ಸಿಟ್ಟು ನೆತ್ತಿಗೇರಿತು. ಆಮೇಲೆ ಬಾಲ್ಕನಿ ನೆನಪಾಯಿತು, ಊಟದ ಹೊತ್ತಿಗೇ ಬರುವ ಫೋನು ನೆನಪಾಯಿತು. ಅದು ಒಂದು ದಿನವಾದರೂ ರಿಂಗ್ ಆಗಿದ್ದು ನಾನು ಕೇಳಿದ್ದೇನೆಯೇ? ಮೂರು ವರ್ಷದಿಂದ ಈ ಹುಡುಗಿ ಸತ್ತ ಫೋನಿಗೆ ಹಾಂ ಹಾಂ ಎನ್ನುತ್ತಾ, ಗೋಡೆಯ ಕಡೆ ಮುಖ ಮಾಡಿ ಉಪ್ಪು ಉದುರಿಸಿಕೊಂಡು ತಿಂದಿದ್ದಾಳೆ. ಅತ್ತಿಗೆ, ಉಪ್ಪು ಹಾಕಿ ಎಂಬ ಎರಡು ಮಾತು ಆಡಲಿಲ್ಲ. ಅಣ್ಣನ ಹೆಸರು ಬರುತ್ತದೆ, ನನಗೆ ನೋವಾಗುತ್ತದೆ ಎಂದು ಆಡಲಿಲ್ಲ.

ಅಳು ಬಂತು. ಆ ಹಾಂ ಹಾಂ ನೆನೆದು ನಗುವೂ ಬಂತು. ಎರಡೂ ಒಟ್ಟಿಗೆ ಬಂದರೆ ಬಿಕ್ಕಳಿಕೆಯಾಗುತ್ತದೆ ಎಂದು ಇವತ್ತು ತಿಳಿಯಿತು. ಡಬ್ಬಿಯನ್ನು ಇದ್ದ ಹಾಗೇ ಸುತ್ತಿಟ್ಟೆ. ಹೇಳುವುದಿಲ್ಲ. ಅವಳು ಅಷ್ಟು ಕಾಲ ಬಾಯಿ ಕಟ್ಟಿಕೊಂಡಿದ್ದಾಳೆ, ನನಗೆ ಅಷ್ಟಾದರೂ ಆಗಬೇಕು.

ಏಪ್ರಿಲ್ ೮, ಮಂಗಳವಾರ

ಅಜ್ಜ ಇವತ್ತು ನನ್ನ ಮೇಲೆ ದೂರು ಕೊಟ್ಟ. ಅವನ ಊಟಕ್ಕೆ ಯಾರೋ ಕದ್ದು ಉಪ್ಪು ಹಾಕುತ್ತಿದ್ದಾರಂತೆ, ತನಿಖೆಯಾಗಬೇಕಂತೆ, ಆದರೆ ನಿಲ್ಲಿಸಬಾರದಂತೆ. ಡಯಟ್ ಮೇಡಂ ಬಂದು ನೋಡಿದರು. ಉಪ್ಪು ಇರಲಿಲ್ಲ. ಸೂಪಿಗೆ ನಿಂಬೆ ಹಿಂಡಿದ್ದೆ, ಬೆಳ್ಳುಳ್ಳಿ ಹುರಿದು ಹಾಕಿದ್ದೆ, ಇಳಿಸುವ ಮುಂಚೆ ಕೊತ್ತಂಬರಿ ಉದುರಿಸಿದ್ದೆ.

"ಇಷ್ಟು ವರ್ಷ ಯಾಕೆ ಹಾಕ್ಲಿಲ್ಲ?" ಎಂದರು ಮೇಡಂ.

ಯಾಕೆಂದರೆ ಹೊಳೆದಿರಲಿಲ್ಲ. ಈಗೀಗ ಬೆಳಿಗ್ಗೆ ಓಡಿ ಬಂದರೆ ಹೊಟ್ಟೆ ಕಿತ್ತುಕೊಂಡು ಹಸಿಯುತ್ತದೆ, ಒಲೆಯ ಮುಂದೆ ನಿಂತರೆ ನಾನೇ ತಿಂದುಬಿಡೋಣ ಅನ್ನಿಸುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿರಲಾರದು.

ಏಪ್ರಿಲ್ ೧೧, ಶುಕ್ರವಾರ

ಮಂಡಿ ನೋವು. ಓಡಲಿಲ್ಲ. ದಿನವೆಲ್ಲ ಎಲ್ಲರ ಮೇಲೂ ಸಿಡುಕಿದೆ. ಪಾನೀಯದ ಪರೀಕ್ಷೆ ನಿಂತುಹೋಯಿತಲ್ಲ ಎಂದು.

ಏಪ್ರಿಲ್ ೨೦, ಭಾನುವಾರ

ಸೇತುವೆಯ ಮೇಲೆ ನಿಂತು ಒಂದೇ ಬಾಟಲಿಯಿಂದ ಅವಳೊಂದು ಗುಟುಕು, ನಾನೊಂದು ಗುಟುಕು. ಇಬ್ಬರೂ ಒಟ್ಟಿಗೆ "ಸರಿ ಇದೆ" ಎಂದೆವು. ಎರಡು ನಿಂಬೆ, ಮೂರು ಚಮಚ ಜೇನು, ಅರ್ಧ ಚಮಚಕ್ಕಿಂತ ಒಂದು ಚಿಟಿಕೆ ಕಡಿಮೆ ಉಪ್ಪು. ಪೇಪರಿನ ಚೂರಿನಲ್ಲಿ 'ರುಚಿಗೆ ತಕ್ಕಷ್ಟು' ಎಂಬುದನ್ನು ಹೊಡೆದುಹಾಕಿ ಅಳತೆ ಬರೆದಿದ್ದೇನೆ. ನನ್ನ ಟೋಪಿಯ ಮೇಲೂ ಸಣ್ಣದೊಂದು ಬಿಳಿ ಗೆರೆ ಬಂದಿದೆ. ತೊಳೆಯಬೇಕು. ಎರಡು ದಿನ ಬಿಟ್ಟು ತೊಳೆಯುತ್ತೇನೆ.

ಏಪ್ರಿಲ್ ೨೬, ಶನಿವಾರ

ನಾಳೆ ಓಟ. ನಾದಿನಿ ಮೂರು ಸಲ ಶೂ ಒರೆಸಿದಳು.

ಸೊಂಟಪಟ್ಟಿಗೆ ಎರಡು ಬಾಟಲಿ ಸಿದ್ಧ ಮಾಡಿದ್ದೇನೆ. ಹಸಿರು ಮುಚ್ಚಳದ್ದರಲ್ಲಿ ಬರೀ ನೀರು, ಸೆಕೆಯಾದಾಗ ತಲೆಗೆ ಸುರಿದುಕೊಳ್ಳಲು. ಕೆಂಪು ಮುಚ್ಚಳದ್ದರಲ್ಲಿ ಪಾನೀಯ. ಇನ್ನೊಂದು ದೊಡ್ಡ ಬಾಟಲಿ ನನ್ನ ಹತ್ತಿರ, ಸೇತುವೆಯ ಮೇಲೆ. ಅಲ್ಲಿಂದ ಗುರಿಗೆ ಏಳು ಕಿಲೋಮೀಟರು.

"ಒಂದು ತಲೆಗೆ, ಒಂದು ಹೊಟ್ಟೆಗೆ. ಬಣ್ಣ ನೋಡ್ಕೊಂಡು ಕುಡಿ" ಎಂದೆ.

"ಬಣ್ಣ ಓದೋದು ನನಗೆ ಹೇಳ್ಕೊಡ್ತೀರಾ?" ಎಂದಳು.

ಏಪ್ರಿಲ್ ೨೭, ಭಾನುವಾರ

ಕಾಲು ಬಿಸಿನೀರಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಸೇತುವೆಯ ಮೇಲೆ ಕಾಯುತ್ತಿದ್ದೆ. ಮುಂದೆ ಹೋಗಬೇಕಾದವರೆಲ್ಲ ಹೋದರು. ಕೊನೆಗೆ ಇವಳು ಕಂಡಳು, ಬಿಳುಚಿಕೊಂಡು, ತನ್ನ ಕಾಲಿಗೆ ತಾನೇ "ಕ್ಲಚ್ ಒತ್ತು, ಕ್ಲಚ್ ಒತ್ತು" ಎಂದು ಗದರಿಸಿಕೊಳ್ಳುತ್ತಾ. ಹತ್ತಿರ ಬಂದಾಗ ನೋಡುತ್ತೇನೆ, ಕೂದಲೆಲ್ಲ ತಲೆಗೆ ಮೆತ್ತಿಕೊಂಡಿದೆ. ಕಿವಿಯ ಸುತ್ತ ಎರಡು ಜೇನುನೊಣ.

"ಏನೇ ಇದು ತಲೆ?"

"ನೀವು ಹೇಳಿದ್ದೇ. ಕೆಂಪು ತಲೆಗೆ, ಹಸಿರು ಹೊಟ್ಟೆಗೆ."

"ಕೆಂಪು ಕುಡಿಯೋದು ಕಣೇ!"

"ಕೆಂಪು ಅಂದ್ರೆ ನಿಲ್ಲು ಅತ್ತಿಗೆ! ಪ್ರಪಂಚಕ್ಕೆಲ್ಲ ಗೊತ್ತು!"

ಅಲ್ಲಿಗೆ ತಿಳಿಯಿತು. ನನ್ನ ಅಡುಗೆಮನೆಯಲ್ಲಿ ಕೆಂಪು ಎಂದರೆ ಉಪ್ಪು, ಅವಳ ರಸ್ತೆಯಲ್ಲಿ ಕೆಂಪು ಎಂದರೆ ಮುಟ್ಟಬೇಡ. ಹೋದ ವರ್ಷದಂತೆ ಈ ವರ್ಷವೂ ಬರೀ ನೀರು ಕುಡಿದು ಬಂದಿದ್ದಾಳೆ, ಖಾಲಿಯಾದಾಗ ಮೇಜುಗಳಲ್ಲಿ ಮತ್ತೆ ನೀರೇ ತುಂಬಿಸಿಕೊಂಡಿದ್ದಾಳೆ.

"ಬರೀ ನೀರು ಅಂತ ಬಾಯಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು." ಉಸಿರು ಎಳೆದುಕೊಂಡಳು. "ಅಣ್ಣನ ನೆನಪಾಗಿ ಕೊನೇ ಗಳಿಗೇಲಿ ನಿಮಗೆ ಉಪ್ಪು ಹಾಕೋಕೆ ಕೈ ಬರ್ಲಿಲ್ಲ ಅಂದ್ಕೊಂಡೆ. ಅದಕ್ಕೇ ಸುಮ್ನೆ ಕುಡಿದೆ."

"ಹಾಗಂತ ನಿಂಬೆಹಣ್ಣೂ ಬಿಡ್ತೀನೇನೇ?"

"ನಿಮ್ಮನ್ನ ಹೇಳೋಕಾಗಲ್ಲ."

ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ನಿಲ್ಲು, ಕುಡಿ ಎಂದೆ. ನಿಂತರೆ ಮತ್ತೆ ಕಾಲು ಏಳುವುದಿಲ್ಲ ಎಂದಳು. ಹೊರಟೇಬಿಟ್ಟಳು. ಬಾಟಲಿ ನನ್ನ ಕೈಯಲ್ಲಿ. ಮುಂದಿನ ದೀಪದ ಕಂಬದವರೆಗೆ ಜೊತೆಗೆ ಹೋಗಿ ಎರಡು ಗುಟುಕು ಕುಡಿಸಿ ಬರೋಣವೆಂದು ಹೊರಟೆ. ಗಟಗಟ ಕುಡಿದರೆ ವಾಂತಿಯಾಗುತ್ತದೆ. ಹಾಗಾಗಿ ಒಂದೊಂದೇ ಗುಟುಕು. ಅದಕ್ಕೆ ಇನ್ನೊಂದು ಕಂಬ, ಅದಾದ ಮೇಲೆ ಇನ್ನೊಂದು.

ಸೀಟಿ ಹಿಡಿದ ಸ್ವಯಂಸೇವಕನೊಬ್ಬ ಅಡ್ಡ ಬಂದ. "ಅಮ್ಮಾ, ನಂಬರ್ ಇಲ್ದೆ ಓಡೋ ಹಾಗಿಲ್ಲ."

"ನಾನೆಲ್ಲಿ ಓಡ್ತಿದೀನಪ್ಪ? ಇವಳಿಗೆ ಉಪ್ಪು ಕೊಡ್ತಿದೀನಿ" ಎಂದೆ, ಓಡುತ್ತಲೇ. ಅವನು ಯೋಚನೆ ಮಾಡುವಷ್ಟರಲ್ಲಿ ನಾವು ತಿರುವು ದಾಟಿದ್ದೆವು.

ನಡುನಡುವೆ ನಡೆದೆವು, ಮತ್ತೆ ಓಡಿದೆವು. ಮುಖಕ್ಕೆ ಸ್ವಲ್ಪ ಸ್ವಲ್ಪ ಬಣ್ಣ ಬಂತು. ಹೋದ ವರ್ಷ ಅವಳು ಬಿದ್ದ ಜಾಗ ಬಂದಾಗ ನನ್ನ ಮಣಿಕಟ್ಟು ಹಿಡಿದಳು, ಗಟ್ಟಿಯಾಗಿ. ನಾನೂ ಬಿಡಿಸಿಕೊಳ್ಳಲಿಲ್ಲ. ಆ ಜಾಗ ಹಿಂದೆ ಬಿತ್ತು.

ಹಗ್ಗ ಕಟ್ಟಿದ ಕಡೆ ನಾನು ಪಕ್ಕಕ್ಕೆ ಸರಿದೆ. ಅಲ್ಲಿಂದ ಮುಂದೆ ಅವಳದು. ಜೇನುನೊಣಗಳ ಸಮೇತ ಗುರಿ ದಾಟಿ, ಎರಡೂ ಕೈ ಎತ್ತಿ, ತಿರುಗಿ ನನ್ನನ್ನು ಹುಡುಕಿದಳು. ನನಗೆ ಕೂಗಬೇಕೆನಿಸಿತು, ಕೂಗಿದೆ. ಅಕ್ಕಪಕ್ಕದವರು ಕಿವಿ ಮುಚ್ಚಿಕೊಂಡರು. ಬಾಟಲಿಯ ತಳದಲ್ಲಿ ಒಂದು ಗುಟುಕು ಉಳಿದಿತ್ತು, ಕುಡಿದೆ. ಉಪ್ಪು ಸರಿಯಾಗಿತ್ತು.

ಆಮೇಲೆ ನೆನಪಾಯಿತು, ಮನೆಯ ಕೀಲಿಯಿದ್ದ ನನ್ನ ಕೈಚೀಲ ಸೇತುವೆಯ ಮೇಲೇ ಇತ್ತು. ಇಬ್ಬರೂ ಕುಂಟುತ್ತಾ ಆಟೋ ಹತ್ತಿ ವಾಪಸ್ ಹೋಗಿ ತಂದೆವು. ಇಷ್ಟೆಲ್ಲ ಓಡುವ ಹುಚ್ಚು ಜನಕ್ಕೆ ಯಾಕಿರುತ್ತದೋ ಕಾಣೆ.

ಏಪ್ರಿಲ್ ೨೮, ಸೋಮವಾರ

ಇಬ್ಬರಿಗೂ ರಜೆ. ಇಬ್ಬರೂ ಗೋಡೆ ಹಿಡಿದು ನಡೆಯುತ್ತಿದ್ದೇವೆ. ಉಪ್ಪಿನ ಡಬ್ಬಿ ಇಳಿಸಲು ಕುರ್ಚಿ ಹತ್ತುವಾಗ ಎರಡು ಸಲ ಅಮ್ಮಾ ಎಂದೆ. ಇನ್ನು ಅದನ್ನು ಮೇಲಿಡುವ ಶಕ್ತಿ ನನಗಿಲ್ಲ. ಒಲೆಯ ಪಕ್ಕದಲ್ಲೇ ಇರಲಿ.

ಮಧ್ಯಾಹ್ನ ತರಕಾರಿ ಸೂಪ್ ಮಾಡಿ, ಆಲೂಗಡ್ಡೆ ಬೇಯಿಸಿ ಬಡಿಸಿದೆ. ತಟ್ಟೆ ಮುಂದಿಟ್ಟ ತಕ್ಷಣ ನಾದಿನಿಗೆ ಫೋನು ಬಂತು. ಬ್ಯಾಗು ಹೆಗಲಿಗೆ, ತಟ್ಟೆ ಕೈಗೆ, "ಹಾಂ ಹೇಳಿ."

"ಕೂತ್ಕೊಂಡು ತಿನ್ನು. ಅವರು ಆಮೇಲೆ ಮಾಡ್ತಾರೆ" ಎಂದೆ.

ಬೇರೆ ದಾರಿಯಿಲ್ಲದೆ ಕೂತಳು. ಒಂದು ಚಮಚ ಬಾಯಿಗಿಟ್ಟಳು. ತಲೆ ಎತ್ತಿ ನನ್ನನ್ನು ನೋಡಿದಳು, ಒಲೆಯ ಪಕ್ಕದ ಡಬ್ಬಿ ನೋಡಿದಳು. ಮತ್ತೆ ತಲೆ ತಗ್ಗಿಸಿ ಇನ್ನೊಂದು ಚಮಚ, ಮತ್ತೊಂದು. ಕಣ್ಣು ಒರೆಸಿಕೊಂಡು "ಬಿಸಿ ಇದೆ" ಎಂದಳು. ಫೋನಿನಲ್ಲಿದ್ದವರನ್ನು ಇಬ್ಬರೂ ಮರೆತೆವು.

ಆಮೇಲೆ ನಾನೂ ಒಂದು ಚಮಚ ಕುಡಿದು ನೋಡಿದೆ. ಹಾಕುವಾಗ ಕೈ ಹಿಂಜರಿದಿತ್ತು ಅಂತ ಕಾಣುತ್ತದೆ.

"ನಿನ್ನ ಬ್ಯಾಗಲ್ಲಿರೋ ಡಬ್ಬಿ ಕೊಡೇ ಇಲ್ಲಿ" ಎಂದೆ.

ಅವಳ ಚಮಚ ಗಾಳಿಯಲ್ಲೇ ನಿಂತಿತು. "ಯಾವಾಗಿಂದ ಗೊತ್ತು ನಿಮಗೆ?"

"ಮೊದಲು ಕೊಡೇ. ಸಪ್ಪೆಯಾಗಿದೆ."